‘ರೊಟ್ಟಿ ಇರೂವಾಗ ಇದೆಲ್ಲ ಯಾಕ್ರೀ?’ ಎಂದು ಕೇಳುವವರಿಗೆ

“ಅಲ್ರೀ, ಮನ್ಯಾಗ ಬಿಸಿ ರೊಟ್ಟಿ, ಎಣ್ಣಿಗಾಯಿ ಇರೂವಾಗ ಈ ಫಾರಿನ್ ಅಡಗಿ ಯಾಕ್ರೀ?”

ಹುಬ್ಬಳ್ಳಿಯಲ್ಲಿ ನನ್ನನ್ನು ಬಲ್ಲವರೆಲ್ಲ ಒಮ್ಮೆಯಾದರೂ ಇದನ್ನು ಕೇಳಿದ್ದಾರೆ. ಪಕ್ಕದ ಮನೆಯ ಅಕ್ಕ, ದುರ್ಗದಬೈಲಿನಲ್ಲಿ ಕೊತ್ತಂಬರಿ ಆರಿಸುವಾಗ ಸಿಕ್ಕ ಗೆಳತಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು. ಮೊದಲೆಲ್ಲ ನಕ್ಕು “ಸುಮ್ನೆರೀ, ಟೈಂಪಾಸ್” ಅಂದುಬಿಡುತ್ತಿದ್ದೆ. ಅದು ಸುಳ್ಳು. ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ಪ್ರಶ್ನೆಯ ಧಾಟಿ ನನಗೆ ಸೇರುವುದಿಲ್ಲ. ಮೇಲ್ನೋಟಕ್ಕೆ ‘ಯಾಕೆ’ ಅಂತ ಕೇಳಿದ ಹಾಗಿರುತ್ತದೆ. ಒಳಗೆ ‘ನಮ್ಮ ಅಡಿಗೆ ನಿನಗೆ ಕಡಿಮೆಯಾಯಿತೇನು’ ಅನ್ನುವುದು ಕೂತಿರುತ್ತದೆ. ನಾನು ದಿನಾ ರೊಟ್ಟಿ ಬಡಿಯುತ್ತೇನೆ. ಬೆಳಿಗ್ಗೆ ಎಂಟು, ರಾತ್ರಿ ಆರು. ಓವನ್ ತಂದ ದಿನ ರೊಟ್ಟಿ ಹಂಚನ್ನು ಅಟ್ಟಕ್ಕೆ ಹಾಕಿದೆ ಅಂತ ಇವರಿಗೆ ಯಾರು ಹೇಳಿದರು?

ಈ ಪ್ರಶ್ನೆ ನನಗೆ ಸರಿಯಾಗಿ ಚುಚ್ಚಿದ್ದು ಗದಗಿನಲ್ಲಿ, 2021ರ ದೀಪಾವಳಿ ಪಾಡ್ಯದ ದಿನ. ಯಜಮಾನರ ದೊಡ್ಡವ್ವನ ಮನೆ. ಬಾಗಿಲಲ್ಲಿ ಸೆಗಣಿಯ ಪಾಂಡವರು, ಒಳಗೆ ಹೋಳಿಗೆಯ ವಾಸನೆ. ನಾನು ಒಂದು ಸ್ಟೀಲ್ ಡಬ್ಬಿಯಲ್ಲಿ ಪಾರ್ಕಿನ್ ಒಯ್ದಿದ್ದೆ. ಪಾರ್ಕಿನ್ ಅಂದರೆ ಇಂಗ್ಲೆಂಡಿನ ಉತ್ತರ ಭಾಗದ, ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್ ಕಡೆಯ ಶುಂಠಿ ಕೇಕ್. ಆ ಚಳಿ ಮಳೆಯಲ್ಲಿ ಗೋಧಿಗಿಂತ ಓಟ್ಸ್ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಓಟ್ಸ್ ನುಚ್ಚು, ಕಾಕಂಬಿ, ಒಣಶುಂಠಿ ಹಾಕಿ ಮಾಡುತ್ತಾರೆ. ನವೆಂಬರ್ 5ಕ್ಕೆ ಅಲ್ಲಿ ಬೆಂಕಿ ಹಾಕಿ ಪಟಾಕಿ ಹೊಡೆಯುವ ಹಬ್ಬ. 1605ರಲ್ಲಿ ಪಾರ್ಲಿಮೆಂಟಿಗೆ ಮದ್ದಿಟ್ಟು ಉಡಾಯಿಸುವ ಸಂಚು ಸಿಕ್ಕಿಬಿದ್ದ ನೆನಪಿಗೆ ಅದು. ಅವತ್ತಿನ ತಿನಿಸು ಪಾರ್ಕಿನ್. ಆ ವರ್ಷ ನಮ್ಮ ಪಾಡ್ಯವೂ ನವೆಂಬರ್ 5ಕ್ಕೇ ಬಂದಿತ್ತು. ಎರಡೂ ಕಡೆ ಒಂದೇ ದಿನ ಪಟಾಕಿ! ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಭಾನುವಾರವೇ ಮಾಡಿ ಕಟ್ಟಿಟ್ಟಿದ್ದೆ. ಈ ಕೇಕನ್ನು ಮಾಡಿದ ದಿನ ತಿನ್ನಬಾರದು. ಮೂರು ನಾಲ್ಕು ದಿನ ಇಟ್ಟರೆ ಮೆತ್ತಗಾಗಿ, ಮೇಲೆ ಅಂಟಂಟು ಬಂದು ಹದಕ್ಕೆ ಬರುತ್ತದೆ.

ಡಬ್ಬಿ ತೆಗೆದೆ. ಕಾಕಾ ಎಲ್ಲರ ಮುಂದೆ ಕೇಳಿದರು. “ಏನವಾ, ಹಬ್ಬದಾಗೂ ಹೋಳಿಗಿ ಬಿಟ್ಟು ಇದೇನ ತಂದೀ? ನಮ್ಮ ಅಡಗಿ ಸೇರೂದಿಲ್ಲೇನ ನಿನಗ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಕೇಕಿನಲ್ಲಿದ್ದ ಶುಂಠಿ ನಮ್ಮಪ್ಪ ಬೆಳೆದದ್ದು. ಬೆಲ್ಲ ಕಾಸಿ ಪಾಕ ಮಾಡಿದ್ದು ನಾನು, ಯಾಕೆಂದರೆ ಇಲ್ಲಿ ಒಳ್ಳೆ ಕಾಕಂಬಿ ಸಿಗುವುದಿಲ್ಲ. ಆ ಮಾತೆಲ್ಲ ಗಂಟಲಲ್ಲೇ ಉಳಿಯಿತು.

ದೊಡ್ಡವ್ವ ಮಾತ್ರ ಒಂದು ತುಂಡು ಬಾಯಿಗಿಟ್ಟುಕೊಂಡರು. ಅವರಿಗೆ ಹಲ್ಲು ಕಡಿಮೆ. ಅಂಗುಳಕ್ಕೆ ಒತ್ತಿ ಒತ್ತಿ ಚಪ್ಪರಿಸಿದರು. ಕಣ್ಣು ಎತ್ತದೆ ಕೇಳಿದರು.

“ಶುಂಠಿ ಹಸೀದ ಹಾಕೀಯೋ, ಒಣದ ಹಾಕೀಯೋ?”

“ಒಣದರೀ, ದೊಡ್ಡವ್ವ.”

“ಹುರದಿದ್ದೇನ?”

“ಇಲ್ಲರೀ.”

“ತುಪ್ಪದಾಗ ಒಂದೀಟು ಹುರೀಬೇಕಾಗಿತ್ತು. ಮಾದ್ಲಿಗೆ ಹಂಗ ಹಾಕತೀವಿ. ಇಲ್ಲಾಂದ್ರ ಗಂಟಲಿಗೆ ಹತ್ತತೈತಿ.”

ಅಷ್ಟೇ. ಚಲೋ ಆಗೇತಿ ಅನ್ನಲಿಲ್ಲ. ಇನ್ನೊಂದು ತುಂಡು ಕೇಳಲೂ ಇಲ್ಲ. ಆದರೆ ಇಷ್ಟು ವರ್ಷದಲ್ಲಿ ನನ್ನ ಅಡಿಗೆಯ ಬಗ್ಗೆ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಫಾರಿನ್ನೋ ಅಲ್ಲವೋ ಅನ್ನುವುದು ಅವರ ತಲೆಗೇ ಬರಲಿಲ್ಲ. ಅವರು ಶುಂಠಿಯನ್ನು ಕೇಳಿದರು.

ಮಾದ್ಲಿ ಗೊತ್ತಿಲ್ಲದವರಿಗೆ ಎರಡು ಸಾಲು. ಗೋಧಿ ಚಪಾತಿಯನ್ನು ಗಟ್ಟಿಯಾಗಿ ಬೇಯಿಸಿ ಕುಟ್ಟಿ ಪುಡಿ ಮಾಡಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಒಣಶುಂಠಿ ಸೇರಿಸಿ, ಬಿಸಿ ಹಾಲು ತುಪ್ಪ ಹಾಕಿಕೊಂಡು ಉಣ್ಣುವುದು. ಮದುವೆಗೆ, ಜಾತ್ರೆಗೆ ಬೇಕೇ ಬೇಕು. ಧಾನ್ಯ, ಬೆಲ್ಲ, ಒಣಶುಂಠಿ. ಪಾರ್ಕಿನ್‌ನಲ್ಲಿ ಇರುವುದೂ ಅವೇ ಮೂರು. ಮುಂದಿನ ಸಲ ತುಪ್ಪದಲ್ಲಿ ಹುರಿದೇ ಹಾಕಿದೆ. ದೊಡ್ಡವ್ವ ಹೇಳಿದ್ದು ಸರಿ. ಗಂಟಲು ಕೆರೆಯುವುದು ನಿಂತಿತು.

ಹಾಗಾಗಿ ನೀವು ಕೇಳದ ಆ ಪ್ರಶ್ನೆಗೇ ಉತ್ತರ ಕೊಡುತ್ತೇನೆ. ಹಸೀದೋ, ಒಣದೋ?

ಇವೆರಡೂ ಒಂದೇ ಗಡ್ಡೆ, ಆದರೆ ಸ್ವಭಾವ ಬೇರೆ. ಹಸಿ ಶುಂಠಿಯ ಖಾರ ಜಿಂಜೆರಾಲ್ ಎಂಬ ರಾಸಾಯನಿಕದಿಂದ ಬರುತ್ತದೆ. ಒಣಗಿಸುವಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗುತ್ತದೆ. ಶುಂಠಿಗೆ ಜಪಾನಿಯರು ಶೋಗಾ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು. ಇದರ ಖಾರ ಜಿಂಜೆರಾಲ್‌ಗಿಂತ ಸುಮಾರು ಎರಡು ಪಟ್ಟು. ಒಣಶುಂಠಿ ಎದೆಗೆ ಇಳಿದು ಬಿಸಿ ಕೊಡುವುದು ಅದಕ್ಕೇ. ಹಸಿ ಶುಂಠಿಯನ್ನು ಬೇಯಿಸಿದರೆ ಜಿಂಜೆರಾಲ್ ಸ್ವಲ್ಪ ಜಿಂಜೆರೋನ್ ಆಗುತ್ತದೆ. ಅದಕ್ಕೆ ಖಾರ ಕಡಿಮೆ, ಸಿಹಿ ಘಮ ಜಾಸ್ತಿ. ಪಲ್ಯದಲ್ಲಿ ಬೆಂದ ಶುಂಠಿಯ ತುಂಡು ಬಾಯಿಗೆ ಸಿಕ್ಕರೂ ಹಸೀದರಷ್ಟು ಚುರ್ ಅನ್ನುವುದಿಲ್ಲ, ಅಲ್ವಾ? ಒಣಶುಂಠಿ ಪುಡಿ ಇಲ್ಲವೆಂದು ಕೇಕಿಗೆ ಅಷ್ಟೇ ಹಸಿ ಶುಂಠಿ ತುರಿದು ಹಾಕಿದರೆ ರುಚಿಯೇ ಬೇರೆಯಾಗುವುದು ಇದರಿಂದ.

ಹಸಿ ಶುಂಠಿಯಲ್ಲಿ ಇನ್ನೊಂದು ಗುಣವಿದೆ, ಒಣಗಿದರೆ ಅದನ್ನು ನೆಚ್ಚುವಂತಿಲ್ಲ. ಚಹಾಕ್ಕೆ ಹಾಲು ಹಾಕಿ, ಅದು ಕಾಯುವ ಮೊದಲೇ ಶುಂಠಿ ಜಜ್ಜಿ ಹಾಕಿದರೆ ಕೆಲವು ಸಲ ಹಾಲು ಒಡೆಯುತ್ತದೆ. ಹಾಲಿನವನನ್ನು ಬಯ್ಯುತ್ತೇವೆ. ಪಾಪ, ಅವನದೇನೂ ತಪ್ಪಿಲ್ಲ. ಹಸಿ ಶುಂಠಿಯಲ್ಲಿ ಜಿಂಜಿಬೇನ್ ಎಂಬ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಮೊದಲು ನೀರಿನಲ್ಲಿ ಶುಂಠಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಿ. ಕುದಿಗೆ ಆ ಕಿಣ್ವ ಸಾಯುತ್ತದೆ, ಹಾಲು ಒಡೆಯುವುದಿಲ್ಲ.

ನಾವು ಹೆದರುವ ಇದನ್ನೇ ಚೀನಾದ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದವರು ಸಿಹಿ ತಿನಿಸು ಮಾಡಿಕೊಂಡಿದ್ದಾರೆ. ಮಾಡುವುದನ್ನು ಹೇಳುತ್ತೇನೆ, ಇವತ್ತೇ ಮಾಡಿ ನೋಡಿ. ಬಲಿತ ಶುಂಠಿ ತುರಿದು, ಬಟ್ಟೆಯಲ್ಲಿ ಹಿಂಡಿ, ದೊಡ್ಡ ಚಮಚದಲ್ಲಿ ಒಂದು ಚಮಚ ರಸ ಬಟ್ಟಲಿಗೆ ಹಾಕಿ. ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ, ಕಲಕಿಕೊಳ್ಳಿ. ಒಂದು ಲೋಟ, ಅಂದರೆ 200 ಮಿಲಿ ಕಾಯಿಸಿದ ಎಮ್ಮೆ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿ, 70 ಡಿಗ್ರಿಗೆ ಆರಿಸಿ. ಇದಕ್ಕೆಂದೇ ನಾನು ಅಡುಗೆ ಥರ್ಮಾಮೀಟರ್ ತಂದೆ. ಹಾಲು ಜಾಸ್ತಿ ಬಿಸಿಯಿದ್ದರೆ ಕಿಣ್ವ ಸಾಯುತ್ತದೆ, ಆರಿದ್ದರೆ ಕೆಲಸ ಮಾಡುವುದಿಲ್ಲ. ಒಂದು ಗೇಣು ಮೇಲಿಂದ ಒಂದೇ ಸಲ ರಸದ ಮೇಲೆ ಸುರಿಯಿರಿ. ಸುರಿದ ಮೇಲೆ ಬಟ್ಟಲು ಅಲುಗಾಡಬಾರದು, ಚಮಚ ಹಾಕಬಾರದು.

ಹತ್ತು ನಿಮಿಷ ಬಿಟ್ಟು ಮೇಲೊಂದು ಚಮಚ ಇಡಿ. ಮುಳುಗುವುದಿಲ್ಲ. ಬಟ್ಟಲು ಓರೆ ಮಾಡಿದರೆ ಹಾಲು ಹರಿಯುವುದಿಲ್ಲ, ಒಂದೇ ತುಂಡಾಗಿ ನಡುಗುತ್ತದೆ. ನನ್ನ ಮಗಳು ಮೊದಲ ಸಲ ನೋಡಿ “ಅವ್ವಾ, ಗಿಣ್ಣ!” ಅಂತ ಕೂಗಿದಳು. ನಿಜ, ಗಿಣ್ಣದ ಹಾಗೇ ಇತ್ತು, ಆದರೆ ಅದಕ್ಕಿಂತ ಮೆತ್ತಗೆ, ನಾಲಿಗೆಯ ಮೇಲೆ ಕರಗುವಷ್ಟು. ಕೊನೆಯಲ್ಲಿ ಮೂಗಿನವರೆಗೆ ಏರುವ ಖಾರ. ನನ್ನ ಎಲ್ಲ ಪ್ರಯೋಗಗಳಲ್ಲಿ ನನಗೆ ಬಹಳ ಪ್ರೀತಿಯದು ಇದು. ಇದಕ್ಕೆ ಓವನ್ ಬೇಡ, ಮೈದಾ ಬೇಡ, ಮೊಟ್ಟೆ ಬೇಡ. ಇದನ್ನೂ ಫಾರಿನ್ ಅಡಿಗೆ ಅಂತ ಪಕ್ಕಕ್ಕಿಡುವವರಿಗೆ ನಾನೇನು ಹೇಳಲಿ?

ಇನ್ನು ‘ಯಾಕೆ’. ಅದಕ್ಕೂ ಉತ್ತರ ಇದೆ, ಎಲ್ಲರ ಮುಂದೆ ಹೇಳಲು ನಾಚಿಕೆಯಾಗುತ್ತಿತ್ತು.

ನನ್ನ ತವರು ಹಾನಗಲ್ ತಾಲೂಕಿನ ಒಂದು ಹಳ್ಳಿ. ಅಪ್ಪ ಶುಂಠಿ ಹಾಕುತ್ತಾನೆ. ಬೇಸಿಗೆಯ ಕೊನೆಗೆ ಬೀಜದ ಗಡ್ಡೆ ನೆಟ್ಟರೆ ಕೈಗೆ ಬರಲು ಎಂಟು ಒಂಬತ್ತು ತಿಂಗಳು. ಮಳೆಗಾಲದಲ್ಲಿ ಮಡಿಯಲ್ಲಿ ನೀರು ನಿಂತಿತೋ, ಕೊಳೆರೋಗ. ಅದರಿಂದ ಪಾರಾದರೆ ರೇಟಿನ ಚಿಂತೆ. ಶುಂಠಿಯ ರೇಟು 60 ಕಿಲೋ ಚೀಲದ ಲೆಕ್ಕ. ಒಂದು ವರ್ಷ ಅದು ಎಷ್ಟು ಬಿತ್ತೆಂದರೆ ಕೀಳಿಸಿದ ಕೂಲಿಯೂ ಹುಟ್ಟಲಿಲ್ಲ. ಅಪ್ಪ ಅರ್ಧ ಹೊಲ ಕೀಳಿಸದೆ ನೆಲದಲ್ಲೇ ಬಿಟ್ಟ. ಕಿತ್ತದ್ದರಲ್ಲಿ ಒಂದು ಚೀಲವನ್ನು ಬಸ್ಸಿಗೆ ಹಾಕಿ ನಮ್ಮನೆಗೆ ಕಳಿಸಿದ. ಫೋನಿನಲ್ಲಿ “ಮಾರಾಕಂತೂ ಬರೂದಿಲ್ಲ, ತಿನ್ನಾಕರ ಆಗಲಿ” ಅಂದ. ಆ ದನಿ ನನಗೆ ಇನ್ನೂ ನೆನಪಿದೆ.

60 ಕಿಲೋ ಶುಂಠಿ. ನಾವು ಮನೆಯಲ್ಲಿ ನಾಲ್ಕೇ ಮಂದಿ. ಓಣಿಗೆಲ್ಲ ಹಂಚಿದ ಮೇಲೂ ಅರ್ಧ ಚೀಲ ಉಳಿಯಿತು. ಒಂದು ಗಡ್ಡೆಯನ್ನೂ ಕಸಕ್ಕೆ ಹಾಕಬಾರದು ಅಂತ ಹಟ ಹಿಡಿದು ಕೂತೆ. ಚಮಚದ ಅಂಚಿನಿಂದ ಸಿಪ್ಪೆ ಹೆರೆದೆ. ಚಾಕು ಹಚ್ಚಿದರೆ ಆಳಕ್ಕೆ ಹೋಗುತ್ತದೆ, ಘಮದ ಎಣ್ಣೆ ಇರುವುದು ಸಿಪ್ಪೆಯ ಕೆಳಗೇ. ಬೆರಳ ತುದಿ ಮೂರು ದಿನ ಉರಿಯುತ್ತಿತ್ತು. ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಹತ್ತು ದಿನ ಒಣಗಿಸಿದೆ. ಐದು ಕಿಲೋ ಹಸೀದು ಒಣಗಿದರೆ ಒಂದು ಕಿಲೋ ಕೈಗೆ ಹತ್ತುತ್ತದೆ. ಆರು ಕಿಲೋ ಒಣಶುಂಠಿ ಆಯಿತು. ಜಗತ್ತಿನಲ್ಲಿ ಮಂದಿ ಶುಂಠಿಯಿಂದ ಏನೇನು ಮಾಡುತ್ತಾರೆ ಅಂತ ನಾನು ಹುಡುಕಲು ಶುರು ಮಾಡಿದ್ದು ಆ ಡಬ್ಬಿಗಳ ಮುಂದೆ ಕೂತು. ಇದೇ ನಿಮ್ಮ ‘ಯಾಕೆ’ಗೆ ಉತ್ತರ.

ಹುಡುಕುತ್ತಾ ಹೋದಂತೆ ‘ಫಾರಿನ್’ ಅನ್ನುವ ಮಾತೇ ನನಗೆ ಸಡಿಲವಾಯಿತು. ಹೊಲದಲ್ಲಿ ಅಪ್ಪ ಹಾಕುವ ತಳಿಗೆ ನಮ್ಮ ಕಡೆ ರಿಗೋಡಿ ಅನ್ನುತ್ತಾರೆ. ಅದು ಬ್ರೆಜಿಲ್‌ನ ರಿಯೋ ಡಿ ಜನೈರೋ. ನಮ್ಮ ರೈತರ ಬಾಯಲ್ಲಿ ಸವೆದು ರಿಗೋಡಿ ಆಗಿದೆ. ಅತ್ತ ಇಂಗ್ಲಿಷಿನ ಜಿಂಜರ್, ಜರ್ಮನಿಯ ಇಂಗ್ವರ್ ಎರಡೂ ದಕ್ಷಿಣ ಭಾರತದ ‘ಇಂಚಿವೇರ್’ ಎಂಬ ಮಾತಿನಿಂದ ಹೊರಟವು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ವೇರ್ ಅಂದರೆ ನಮ್ಮ ಬೇರು. ಜರ್ಮನಿಯ ಅಜ್ಜಿ ತನ್ನ ಅಡುಗೆಮನೆಯಲ್ಲಿ ಇಂಗ್ವರ್ ಅಂದಾಗಲೆಲ್ಲ ನಮ್ಮ ಬೇರು ಅವಳ ಬಾಯಲ್ಲಿರುತ್ತದೆ. ಇದು ಗೊತ್ತಾದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಹೌದೇನ! ಹಂಗಾರ ರೇಟು ಅವರs ಕೊಡಲಿ” ಅಂದ.

ಈಗ ನಾನು ತಲೆ ಕೆಡಿಸಿಕೊಂಡಿರುವುದು ಶುಂಠಿ ಬಿಸ್ಕೀಟಿನ ಬಗ್ಗೆ. ಸ್ವೀಡನ್ನಿನವರು ಕ್ರಿಸ್‌ಮಸ್‌ಗೆ ಮಾಡುವ ತೆಳ್ಳಗಿನ ಪೆಪ್ಪರ್‌ಕಾಕೊರ್. ಅದನ್ನು ಮೈದಾ ಬಿಟ್ಟು ಜೋಳದ ಹಿಟ್ಟಿನಲ್ಲಿ ಮಾಡಬೇಕು. ಜೋಳಕ್ಕೆ ಗೋಧಿಯ ಜಿಗಿ ಇಲ್ಲ, ಲಟ್ಟಿಸಿದರೆ ಅಂಚು ಬಿರಿಯುತ್ತದೆ. ಮೂರು ಸಲ ಪುಡಿಪುಡಿಯಾಯಿತು. ನಾಲ್ಕನೇ ಸಲ ರೊಟ್ಟಿಯ ನೆನಪಾಯಿತು. ರೊಟ್ಟಿಗೆ ನಾವು ಎಸರು ಕುದಿಸಿ ಹಿಟ್ಟಿಗೆ ಹಾಕುತ್ತೇವೆ. ಬಿಸಿಗೆ ಹಿಟ್ಟು ಅರೆಬರೆ ಬೆಂದು ಜಿಗಿ ಬರುತ್ತದೆ. ಯುರೋಪಿನ ಹಳೆಯ ಶುಂಠಿ ಬಿಸ್ಕೀಟುಗಳಲ್ಲೂ ಜೇನನ್ನೋ ಪಾಕವನ್ನೋ ಬಿಸಿ ಮಾಡಿಯೇ ಹಿಟ್ಟಿಗೆ ಸುರಿಯುತ್ತಾರೆ. ಹಾಗಾದರೆ ಬೆಲ್ಲದ ಪಾಕವೇ ಎಸರು ಯಾಕಾಗಬಾರದು?

200 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಬೆಲ್ಲ, ಅರ್ಧ ಲೋಟ ನೀರು, ಎರಡು ಚಮಚ ತುಪ್ಪ, ತುಪ್ಪದಲ್ಲಿ ಹುರಿದ ಒಣಶುಂಠಿ ಪುಡಿ ಎರಡು ಚಮಚ, ಚಿಟಿಕೆ ಸೋಡಾ. ಬೆಲ್ಲದ ನೀರು ಕುದಿಯುವಾಗ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದೆ. ಮೊದಲು ಸಟ್ಟುಗದಲ್ಲಿ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ರೊಟ್ಟಿ ಹಿಟ್ಟಿನ ಹಾಗೆ ಅಂಗೈಯ ಬುಡದಿಂದ ಹತ್ತು ನಿಮಿಷ ನಾದಿದೆ. ಈ ಸಲ ಅಂಚು ಬಿರಿಯಲಿಲ್ಲ. ಬಟ್ಟಲಿನಿಂದ ಕತ್ತರಿಸಿದರೆ ದುಂಡಗೆ ಬಂತು. ಬೆಂದ ಮೇಲೆ ಮಾತ್ರ ನಡುವೆ ಇನ್ನೂ ಸ್ವಲ್ಪ ಗಟ್ಟಿ. ಕಟಂ ಅಂತ ಮುರಿಯಬೇಕು, ಮುರಿಯುತ್ತಿಲ್ಲ.

ತುಪ್ಪ ಜಾಸ್ತಿ ಮಾಡಲೋ, ನೀರು ಕಡಿಮೆ ಮಾಡಲೋ, ಇನ್ನೂ ತೆಳ್ಳಗೆ ಲಟ್ಟಿಸಲೋ ಗೊತ್ತಾಗುತ್ತಿಲ್ಲ. ಜೋಳದ ಹಿಟ್ಟಿನ ಜೊತೆ ದಿನಾ ಕೈ ಆಡಿಸುವವರು ಹೇಳಿ. ಭಾನುವಾರ ಗದಗಿಗೆ ಹೋಗುವುದಿದೆ, ದೊಡ್ಡವ್ವನಿಗೆ ಎರಡು ಬಿಸ್ಕೀಟು ಒಯ್ಯುತ್ತೇನೆ. ಹಾಲಿನಲ್ಲಿ ಅದ್ದಿ ಕೊಡಬೇಕು, ಅವರಿಗೆ ಹಲ್ಲಿಲ್ಲ.