ಎಡದ ತೂಬಿನ ಎತ್ತರ

1998ರಲ್ಲಿ ಬಳ್ಳಾರಿಯ ವೈದ್ಯಕೀಯ ಕಾಲೇಜು ವಿಮ್ಸ್ ಸೇರಿದಾಗ ಬಳ್ಳಾರಿಯೇನೂ ನನಗೆ ಹೊಸದಲ್ಲ. ನಾವು ಸಿರುಗುಪ್ಪ ಕಡೆಯ ಭತ್ತದ ಗದ್ದೆಯವರು. ಹೊಸದೆಂದರೆ ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನ ಫಾರ್ಮಲಿನ್ ವಾಸನೆ. ಬೇಸಿಗೆಯಲ್ಲಂತೂ ಅದು ಮೆಸ್ಸಿನ ಸಾರಿಗೂ ಬಂದಂತಾಗುತ್ತಿತ್ತು.

ಅನಾಟಮಿ ಸರ್ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ ಸೀಳಿಸಿ, ಹೃದಯಕ್ಕೇ ರಕ್ತ ಒಯ್ಯುವ ಕರೋನರಿ ನಾಳಗಳ ಬಾಯಿ ವಾಲ್ವಿನ ಬುಡದಿಂದ ಎಷ್ಟು ಮೇಲಿದೆ ಎಂದು ದಾರ ಹಿಡಿಸಿ ಅಳೆಸುತ್ತಿದ್ದರು. ಪರೀಕ್ಷೆಯಲ್ಲಿ ಯಾರೂ ಕೇಳದ ಅಳತೆ! "ಕಾಲುವೆ ಗೇಟು ದಾಟಿದ ಕೂಡ್ಲೆ ಎರಡು ತೂಬು ಅದಾವಲ್ಲ, ಇವೇ. ಗದ್ದೆ ಮಾಡೋರ ಮಗ, ನಿನಗೂ ಬಿಡಿಸಿ ಹೇಳ್ಬೇಕೇನಲೇ?" ಅನ್ನುತ್ತಿದ್ದರು. ಬೇಸರವಾಗಿ ಎಷ್ಟೋ ಸಲ ಪಕ್ಕದವನ ಅಂಕಿಯನ್ನೇ ಬರೆದುಕೊಂಡಿದ್ದೇನೆ.

2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಆಲಾಂ ಕ್ರಿಬಿಯೇ ಎದೆ ಸೀಳದೆ, ರಕ್ತನಾಳದೊಳಗೆ ತೂರಿಸುವ ಸಪೂರ ನಳಿಗೆ ಕ್ಯಾತಿಟರ್‌ನಿಂದಲೇ ಮೊದಲ ಅಯೋರ್ಟಿಕ್ ವಾಲ್ವ್ ಕೂರಿಸಿದಾಗ ನಾವು ವಾರ್ಡಿನಲ್ಲಿ ಕೇಸ್ ಶೀಟು ಬರೆಯುತ್ತಿದ್ದೆವು. ಇಂದು ಅದೇ ನನ್ನ ಕಸುಬು. ಟಾವಿ ಎಂಬ ಈ ವಿಧಾನದಲ್ಲಿ ಸುಣ್ಣಗಟ್ಟಿದ ಹಳೆಯ ವಾಲ್ವನ್ನು ತೆಗೆಯುವುದಿಲ್ಲ. ಹೊಸದು ಅದನ್ನು ಪಕ್ಕಕ್ಕೊತ್ತಿ ಕೂರುತ್ತದೆ. ಒತ್ತಿದ ಹಳೆಯ ವಾಲ್ವಿನ ಎಸಳು ಉದ್ದವಾಗಿದ್ದು ತೂಬು ತಗ್ಗಿನಲ್ಲಿದ್ದರೆ ತೂಬೇ ಮುಚ್ಚೀತು. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೂ ಆಗದ ತೊಡಕು; ಆದರೆ ಆದಾಗ ಜೀವ ನಿಮಿಷಗಳ ಲೆಕ್ಕ. ತೂಬಿನ ಎತ್ತರ 12 ಮಿ.ಮೀ.ಗಿಂತ ಕಡಿಮೆ, ವಾಲ್ವಿನ ಸುತ್ತ ಅಯೋರ್ಟಾ ಉಬ್ಬಿರುವ ಜಾಗ, ಅಂದರೆ ಸೈನಸ್, 30 ಮಿ.ಮೀ.ಗಿಂತ ಇಕ್ಕಟ್ಟು ಎಂದರೆ ನಮಗೆ ಎದೆ ಢವಢವ.

ನಮ್ಮ ಕಡೆಯ ಅಜ್ಜಿಯೊಬ್ಬರಿಗೆ ಸಿಟಿ ಸ್ಕ್ಯಾನಿನಲ್ಲಿ ಎಡದ ಬಾಯಿಯ ಎತ್ತರ 9 ಮಿ.ಮೀ. ಬಂತು. ಮೊದಲೇ ಆ ಕರೋನರಿಗೆ ತಂತಿ ಇಳಿಸಿ, ಇನ್ನೂ ಅರಳಿಸದ ಜಾಲರಿ ಕೊಳವೆ, ಸ್ಟೆಂಟ್, ಒಳಗಿಟ್ಟುಕೊಂಡೆವು. ವಾಲ್ವ್ ಜಾರದಿರಲೆಂದು ಪೇಸಿಂಗ್‌ನಿಂದ, ಅಂದರೆ ಕರೆಂಟಿನ ಮಿಡಿತದಿಂದ, ಎದೆಬಡಿತವನ್ನು ನಿಮಿಷಕ್ಕೆ 180ಕ್ಕೆ ಏರಿಸಿ ಅದನ್ನು ಅರಳಿಸಿದೆವು. ಪೇಸಿಂಗ್ ನಿಲ್ಲಿಸಿದರೂ ಬಿಪಿ ಏಳಲಿಲ್ಲ. ಮಾನಿಟರಿನಲ್ಲಿ ಇಸಿಜಿಯ ಎಸ್‌ಟಿ ಗೆರೆ ಮೇಲೆದ್ದಿತು, ಹೃದಯಕ್ಕೆ ರಕ್ತ ಸಾಲದ ಗುರುತು. ಡೈ ಬಿಟ್ಟರೆ ಎಡಕ್ಕೆ ನೀರೇ ಹರಿಯುತ್ತಿಲ್ಲ! ಸ್ಟೆಂಟನ್ನು ಹಿಂದಕ್ಕೆಳೆದು, ಒಂದು ತುದಿ ಕರೋನರಿಯಲ್ಲಿ, ಇನ್ನೊಂದು ವಾಲ್ವಿನ ಪಕ್ಕದಿಂದ ಮೇಲಕ್ಕೆ ನಿಲ್ಲುವಂತೆ ಅರಳಿಸಿದೆವು. ಇದಕ್ಕೆ ಚಿಮಣಿ ಎನ್ನುತ್ತೇವೆ. ನನಗೆ ಅಷ್ಟು ಇಷ್ಟದ ಉಪಾಯವಲ್ಲ, ಮುಂದೆ ಆ ಕರೋನರಿಗೆ ಮತ್ತೆ ಕ್ಯಾತಿಟರ್ ಹಾಕುವುದು ಕಷ್ಟ. ಕರೆಂಟು ಹಾಯಿಸಿದ ತಂತಿಯಿಂದ ಎಸಳನ್ನೇ ಮೊದಲು ಸೀಳುವ ವಿಧಾನವೂ ಈಗ ಇದೆ. ಆದರೆ ಅಂದು ಆ ಚಿಮಣಿಯೇ ಕಾಯಿತು.

ಬಿಪಿ ಎದ್ದ ಮೇಲೆ ಅಜ್ಜಿ ಮಂಪರಿನಲ್ಲೇ, "ಆತೇನ್ರಿ? ನಡ ನೋಯಕ ಹತ್ತೈತಿ" ಎಂದರು.

ರಾತ್ರಿ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

"ಬಲದ್ದು ಎಷ್ಟಿತ್ತು?"

"14, ಸರ್."

"ನೀನೇ ಅಳೆದಿಯೋ, ಪಕ್ಕದವನ್ದು ನೋಡಿ ಬರಕಂಡಿಯೋ?"