ಮಾವಿನಹಣ್ಣೋ, ನಳದ ನೀರೋ?

ಕಲಬುರಗಿಯ ನಮ್ಮ ಓಣಿಯಲ್ಲಿ ಈ ವಾರ ನಾಲ್ಕು ಮಕ್ಕಳಿಗೆ ವಾಂತಿಭೇದಿ. "ಮಾವಿನಹಣ್ಣು ತಿಂದ್ರಲ್ಲ, ಅದಕ್ಕೇ" ಅಂದರು ಪಕ್ಕದ ಮನೆ ಕಾಕಿ. ಆದರೆ ಹಣ್ಣನ್ನು ಓಣಿಯವರೆಲ್ಲ ಒಂದೇ ಬಂಡಿಯಿಂದ ತಂದಿದ್ದೆವು. ಹುಷಾರು ತಪ್ಪಿದ್ದು ನಳದ ನೀರನ್ನು ಕುದಿಸದೆ ಕುಡಿದ ಮನೆಗಳಲ್ಲಿ ಮಾತ್ರ. ಕಾಕಿಯ ಕೊಡದ ತಳದಲ್ಲಿ ಕರಿಮಣ್ಣು ತೆಳ್ಳಗೆ ಕೂತಿತ್ತು.

1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಹೀಗೇ ಮನೆಮನೆ ವಿಚಾರಿಸಿದ್ದರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ಹೆಂಗಸು, ಕಾಯಿಲೆ ಹೆಚ್ಚಿದ್ದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಪಂಪಿನ ನೀರೇ ರುಚಿ ಅಂತ ತರಿಸಿಕೊಂಡು ಕುಡಿದು ತೀರಿಕೊಂಡರು. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಉಳಿದರು, ಅವರು ಆ ನೀರು ಕುಡಿಯುತ್ತಿರಲಿಲ್ಲ. ಎಷ್ಟು ದೊಡ್ಡ ಸುಳಿವು ಅಲ್ವಾ! ಆದರೂ ಯಾರೂ ಆ ನೀರು ಎತ್ತದಂತೆ ಪಂಪಿನ ಹಿಡಿ ತೆಗೆಯುವ ಹೊತ್ತಿಗೆ ಕಾಯಿಲೆ ಆಗಲೇ ಇಳಿಯುತ್ತಿತ್ತು. ಅದರಿಂದಲೇ ನಿಂತಿತು ಅನ್ನೋದು ಕಷ್ಟ.

1965ರಲ್ಲಿ ಬ್ರಿಟನ್ನಿನ ಅಂಕಿಅಂಶ ತಜ್ಞ ಬ್ರಾಡ್‌ಫರ್ಡ್ ಹಿಲ್ ಕಾಯಿಲೆಯ ಕಾರಣ ಹುಡುಕಲು ಒಂಬತ್ತು ಅಂಶ ಹೇಳಿದರು. ಯಾವುದೂ ಕಟ್ಟುನಿಟ್ಟಿನ ನಿಯಮ ಅಲ್ಲ ಎಂದರು. ಪುರಾವೆ ಅರೆಬರೆ ಇದೆ ಅಂತ ಸುಮ್ನೆ ಕೂರುವ ಹಾಗಿಲ್ಲ ಎಂದೂ ಹೇಳಿದರು.

ನಾಲ್ಕು ಮಕ್ಕಳ ಲೆಕ್ಕ ಸಣ್ಣದು, ಗೊತ್ತು. ಆದರೂ ಇವತ್ತು ಕಾಕಿಯ ಕೊಡ ತಿಕ್ಕಿ ತೊಳೆದು, ಒಲೆ ಮೇಲೆ ನೀರಿಟ್ಟು ಬಂದೆ.