ಫ್ಯಾನ್ ಆಫ್ ಮಾಡಿದ ಈಸ್ಟರ್

2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಚರ್ಚ್ ಬಂದ್, ಹಾಗಾಗಿ ಆ ವರ್ಷದ ಈಸ್ಟರ್ ಜಾಗರಣೆ, ಅಂದರೆ ಹಬ್ಬದ ಹಿಂದಿನ ರಾತ್ರಿಯ ಪೂಜೆ, ನಮ್ಮ ನಡುಮನೆಯಲ್ಲೇ ಆಯ್ತು. ಪೂಜೆಯ ನೇರಪ್ರಸಾರ ನೋಡಲು ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟಿದ್ದೆವು.

ಮೇಣದಬತ್ತಿಗೆ ತೊಂದರೆ ಆಗಲಿಲ್ಲ. ಕೊರೊನಾ ವಿರುದ್ಧ ದೀಪ ಹಚ್ಚಿ ಅಂತ ಪ್ರಧಾನಿ ಹೇಳಿದ್ದಕ್ಕೆ ಏಪ್ರಿಲ್ 5ರಂದು 9 ನಿಮಿಷ ಹಚ್ಚಿ ಆರಿಸಿದ್ದ ನಾಲ್ಕು ಬತ್ತಿಗಳನ್ನು ಅವ್ವ ಪೇಪರಿನಲ್ಲಿ ಸುತ್ತಿ ಇಟ್ಟಿದ್ದಳು. ಅವ್ವ ಏನನ್ನೂ ಬಿಸಾಡುವವಳಲ್ಲ.

ಫಾದರ್ ಖಾಲಿ ಚರ್ಚಿನ ಮುಂದೆ ಹೊಸ ಬೆಂಕಿ ಹೊತ್ತಿಸಿದರು. ನಾವು ಲೈಟ್ ಆರಿಸಿ ಬತ್ತಿ ಹಚ್ಚಿದೆವು. ಆರಿತು. ಮತ್ತೆ ಹಚ್ಚಿದೆವು. ಮತ್ತೆ ಆರಿತು.

"ಫ್ಯಾನ್ ಬಂದ್ ಮಾಡ್ರೋ" ಅಂದರು ಅಪ್ಪ.

ಬಳ್ಳಾರಿ. ಏಪ್ರಿಲ್. ಫ್ಯಾನ್ ಇಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ 40 ದಿನದಲ್ಲಿ ನಾನು ಇಷ್ಟು ತಪಸ್ಸು ಮಾಡಿರಲಿಲ್ಲ, ನಿಜ ಹೇಳ್ತೀನಿ.

ಆ 40 ದಿನ ಚರ್ಚಿನಲ್ಲಿ 'ಅಲ್ಲೆಲೂಯ' ಅನ್ನುವ ಸ್ತುತಿ ಹಾಡುವುದಿಲ್ಲ. ಈಸ್ಟರ್ ರಾತ್ರಿಯೇ ಅದು ವಾಪಸ್ ಬರುವುದು. ಸರಿಯಾಗಿ ಆ ಹೊತ್ತಿಗೇ ನೆಟ್‌ವರ್ಕ್ ಹೋಯ್ತು. ಫಾದರ್ ಕೈ ಎತ್ತಿದವರು ಹಾಗೇ ನಿಂತುಬಿಟ್ಟರು. ಸುಮ್ನೆ ಗುಂಡಗೆ ಸುತ್ತುವ ಚಕ್ರ.

ಅಜ್ಜಿ ಕಾಯಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಹಾಡು ಶುರು ಮಾಡಿದಳು. ಕೈಯಲ್ಲಿ ಸ್ಟೀಲ್ ಲೋಟ, ಅದರಲ್ಲಿ ಮೋಟು ಬತ್ತಿ, ಹಣೆಯ ಮೇಲೆ ಬೆವರು. ದನಿ ಸ್ವಲ್ಪ ಒಡೆದಿತ್ತು, ಆದರೆ ಶ್ರುತಿ ಗಟ್ಟಿ.

ಇಷ್ಟು ವರ್ಷ ಒಂದೇ ಬೆಂಚಿನಲ್ಲಿ ಅವಳ ಪಕ್ಕ ನಿಂತಿದ್ದೀನಿ. ಕಾಯರ್‌ನವರ ಮೈಕಿನ ಅಬ್ಬರದಲ್ಲಿ ಅಜ್ಜಿಯ ದನಿ ಒಂದು ಸಲವೂ ಕೇಳಿರಲಿಲ್ಲ ಅಲ್ವಾ ಅನಿಸಿತು.

ಹಾಡು ಮುಗಿಯಿತು. ಅಜ್ಜಿ ಮೊಬೈಲ್ ಕಡೆ ಬಗ್ಗಿ ನೋಡಿದಳು.

"ಫಾದರ್ ಇನ್ನಾ ಕೈ ಇಳಿಸಿಲ್ಲೇನು?"